ಗುಲಾಬಿ ಪ್ಯಾಂಟಿನ ಅಪ್ಪ

2012ರ ಪ್ಲೇಆಫ್ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಡ್ವೇನ್ ವೇಡ್ ಗುಲಾಬಿ ಪ್ಯಾಂಟು ತೊಟ್ಟು ಬಂದದ್ದು ಅಮೆರಿಕದ ಕ್ರೀಡಾ ಪುಟಗಳಿಗೆ ಒಳ್ಳೆಯ ಮೇವಾಯಿತು. ಆರಡಿ ನಾಲ್ಕಿಂಚಿನ ಆಳು, ಮಯಾಮಿ ಹೀಟ್ ತಂಡಕ್ಕೆ ಮೊದಲ ಚಾಂಪಿಯನ್‌ಷಿಪ್ ತಂದುಕೊಟ್ಟವರು, ಒಂದು ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 30.2 ಅಂಕ ಹೊಡೆದು ಇಡೀ ಎನ್‌ಬಿಎ ಲೀಗಿಗೆ ಮೊದಲಿಗರಾದವರು. ಅಂಥವರಿಗೆ ಗುಲಾಬಿ ಪ್ಯಾಂಟೇ? ನಗುವವರಿಗೆ ಅಷ್ಟೇ ಸಾಕಿತ್ತು. ವೇಡ್ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಆ ಜೂನ್‌ನಲ್ಲಿ ಎರಡನೇ ಚಾಂಪಿಯನ್‌ಷಿಪ್ ಗೆದ್ದರು, ಬಟ್ಟೆಯ ವಿಷಯದಲ್ಲಿ ಇನ್ನಷ್ಟು ಧೈರ್ಯ ಮಾಡಿದರು.

ಅವರು ಆಟ ನಿಲ್ಲಿಸಿದ್ದು 2019ರಲ್ಲಿ. ಮೂರು ಚಾಂಪಿಯನ್‌ಷಿಪ್, ಹದಿಮೂರು ಸಲ ಆಲ್‌ಸ್ಟಾರ್, 2008ರ ಬೀಜಿಂಗ್ ಒಲಿಂಪಿಕ್ಸ್ ಚಿನ್ನ. ಅವರು ಬರೆದದ್ದರಲ್ಲಿ, ಆಡಿದ ಮಾತುಗಳಲ್ಲಿ ಮತ್ತೆ ಮತ್ತೆ ಬರುವುದು ಮೂರೇ ವಿಷಯ: ಆಟ, ಮಕ್ಕಳು, ತೊಡುವ ಬಟ್ಟೆ. ಮೊದಲೆರಡಕ್ಕೆ ಜನ ಗೌರವದಿಂದ ಕಿವಿಗೊಡುತ್ತಾರೆ, ಮೂರನೆಯದನ್ನು ದುಡ್ಡಿದ್ದವರ ಷೋಕಿ ಎಂದು ಬದಿಗೆ ಸರಿಸುತ್ತಾರೆ. ಆದರೆ ವೇಡ್ ಎಂಥ ಅಪ್ಪನಾದರು ಎಂದು ತಿಳಿಯಬೇಕಾದರೆ ಅವರ ಬಟ್ಟೆಯ ಬೀರುವಿನಿಂದಲೇ ಶುರುಮಾಡುವುದು ವಾಸಿ.

2005ರ ಅಕ್ಟೋಬರ್‌ನಲ್ಲಿ ಎನ್‌ಬಿಎ ಕಮಿಷನರ್ ಡೇವಿಡ್ ಸ್ಟರ್ನ್ ಆಟಗಾರರಿಗೆ ವಸ್ತ್ರಸಂಹಿತೆ ತಂದರು. ಪಂದ್ಯಕ್ಕೆ ಬರುವಾಗ, ಹೊರಡುವಾಗ ಚಡ್ಡಿ, ತೋಳಿಲ್ಲದ ಅಂಗಿ, ತಲೆಗೆ ಸುತ್ತುವ ಬಟ್ಟೆ, ಅಂಗಿಯ ಮೇಲೆ ಜೋತಾಡುವ ಸರ ಯಾವುದೂ ಕೂಡದು. ಒಳಾಂಗಣದಲ್ಲಿ ತಂಪು ಕನ್ನಡಕ ಬೇಡ. ಆಡದೆ ಬೆಂಚಿನಲ್ಲಿ ಕೂರುವವರು ಕೋಟು ಹಾಕಲೇಬೇಕು. ಹಿಂದಿನ ನವೆಂಬರ್‌ನಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಪಂದ್ಯದಲ್ಲಿ ಆಟಗಾರರು ಪ್ರೇಕ್ಷಕರ ಮೇಲೇ ಕೈಮಾಡಿದ್ದರು. ಲೀಗಿನ ಮಾನ ಉಳಿಸಿಕೊಳ್ಳುವ ಆತುರ ಆ ಆದೇಶದ ಹಿಂದಿತ್ತು. ಗುರಿ ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಹೆಣೆದ ಕೂದಲು, ಮೈತುಂಬ ಹಚ್ಚೆ, ದೊಗಳೆ ಬಟ್ಟೆಯ ಆಟಗಾರ ಅಲೆನ್ ಐವರ್ಸನ್ ಬಹಿರಂಗವಾಗಿಯೇ ವಿರೋಧಿಸಿದರು. ಕಪ್ಪು ಹುಡುಗರು ಬೀದಿಯಲ್ಲಿ ತೊಡುವುದನ್ನೇ ಪುಂಡಾಟದ ಗುರುತೆಂದು ಎಣಿಸುತ್ತಿದ್ದಾರೆ ಎಂಬ ದೂರು ಆಗ ಹಲವರ ಬಾಯಲ್ಲಿತ್ತು, ಆ ದೂರಿನಲ್ಲಿ ಹುರುಳೂ ಇತ್ತು.

ವೇಡ್ ಆಗ ಲೀಗಿನಲ್ಲಿ ಮೂರನೇ ಋತುವಿನ ಹುಡುಗ. ಬೆನ್ನ ಮೇಲಿದ್ದ ಮೂರನೇ ನಂಬರು ಐವರ್ಸನ್ ಮೇಲಿನ ಅಭಿಮಾನಕ್ಕೆ ಆರಿಸಿಕೊಂಡದ್ದು. ಆದರೆ ಅವರು ಸಂಹಿತೆಯ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಕೋಟು ಹಾಕಬೇಕೇ, ಹಾಕೋಣ; ಆದರೆ ಅದು ಹೇಗಿರಬೇಕೆಂದು ನಾವೇ ಹೇಳುತ್ತೇವೆ ಎಂಬ ಜಾಡು ಹಿಡಿದರು. ಕ್ಯಾಲಿಯಾನ್ ಬಾರ್ನೆಟ್ ಎಂಬ ಸ್ಟೈಲಿಸ್ಟ್ ಜೊತೆ ಸೇರಿ ಬಿಗಿ ಸೂಟು, ಮೊಣಕಾಲ ಕೆಳಗೆ ಮೋಟಾದ ಪ್ಯಾಂಟು, ಕಣ್ಣು ಕುಕ್ಕುವ ಬಣ್ಣಗಳನ್ನೆಲ್ಲ ಪ್ರಯೋಗಿಸಿದರು. ರಸೆಲ್ ವೆಸ್ಟ್‌ಬ್ರೂಕ್, ಲೆಬ್ರಾನ್ ಜೇಮ್ಸ್ ಮೊದಲಾದ ಆಟಗಾರರೂ ಪೈಪೋಟಿಗಿಳಿದ ಮೇಲೆ ಕಾರಿನಿಂದ ಲಾಕರ್ ರೂಮಿನವರೆಗಿನ ನಡಿಗೆ ಒಂದು ಫ್ಯಾಷನ್ ಪ್ರದರ್ಶನವೇ ಆಗಿಹೋಯಿತು. ಶಿಸ್ತಿಗೆಂದು ತಂದ ನಿಯಮ ಕೊನೆಗೆ ಛಾಯಾಗ್ರಾಹಕರ ಹೊಟ್ಟೆ ತುಂಬಿಸಿತು. ಅಷ್ಟರಲ್ಲಿ ವೇಡ್ ಇನ್ನೊಂದು ಕಿತಾಪತಿಯನ್ನೂ ಮಾಡಿದ್ದರು. ಕಣ್ಣಿನ ಕೆಳಗಿನ ಗಾಯಕ್ಕೆ ಹಚ್ಚಿದ ಬ್ಯಾಂಡೇಜ್ ಪಟ್ಟಿ ಚೆನ್ನಾಗಿ ಕಂಡಿತೇನೋ, ಗಾಯ ಮಾಗಿದ ಮೇಲೂ ಅದನ್ನು ಬಿಡದೆ ತಮ್ಮದೇ ವಿನ್ಯಾಸದ ಪಟ್ಟಿ ಅಂಟಿಸಿಕೊಂಡು ಆಡತೊಡಗಿದರು. ಲೀಗು ಅದನ್ನು ನಿಲ್ಲಿಸಿತು.

ಇದರಲ್ಲಿ ವ್ಯಾಪಾರವಿಲ್ಲವೆಂದಲ್ಲ. 2012ರಲ್ಲಿ ಅಮೆರಿಕದ ದೊಡ್ಡ ಶೂ ಕಂಪನಿಯನ್ನು ಬಿಟ್ಟು ಚೀನಾದ ಲಿ ನಿಂಗ್ ಜೊತೆ ಒಪ್ಪಂದ ಮಾಡಿಕೊಂಡರು. ಬುದ್ಧಿಗೆಟ್ಟ ತೀರ್ಮಾನ ಎಂದವರಿದ್ದರು. 2018ರಲ್ಲಿ ಅದೇ ಕಂಪನಿ ಜೀವಮಾನದ ಒಪ್ಪಂದ ಕೊಟ್ಟಿತು. ತನ್ನ ಮುಖ, ತನ್ನ ಪ್ಯಾಂಟು, ತನ್ನ ಬೂಟು ಎಲ್ಲವೂ ಮಾರಾಟದ ಸರಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಂತೆ ಅವರು ನಟಿಸಿಲ್ಲ ಎಂಬುದೇ ಸಮಾಧಾನ.

ಇಷ್ಟು ಬಣ್ಣ ಮೈಮೇಲೆ ಹೇರಿಕೊಂಡ ಮನುಷ್ಯನ ಬಾಲ್ಯಕ್ಕೆ ಬಣ್ಣವಿರಲಿಲ್ಲ. 1982ರಲ್ಲಿ ಷಿಕಾಗೋದ ದಕ್ಷಿಣ ಭಾಗದಲ್ಲಿ ಹುಟ್ಟು. ತಾಯಿ ಜೊಲಿಂಡಾ ಮಾದಕ ವ್ಯಸನಕ್ಕೆ ಬಿದ್ದಿದ್ದರು, ಮುಂದೆ ಜೈಲನ್ನೂ ಕಂಡರು. ಹುಡುಗನಿಗೆ ಎಂಟು ವರ್ಷವಾದಾಗ ಅಕ್ಕ ಟ್ರ್ಯಾಜಿಲ್ ಸಿನಿಮಾ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ ಅಪ್ಪನ ಮನೆಯಲ್ಲಿ ಬಿಟ್ಟುಬಂದಳು. ತಮ್ಮ ಬದುಕಿಕೊಳ್ಳಲೆಂದು ಆಡಿದ ಸುಳ್ಳು ಅದು. ಅವಳೂ ಆಗ ಚಿಕ್ಕವಳೇ. ಅಪ್ಪ, ಅಂದರೆ ಹಿರಿಯ ಡ್ವೇನ್ ವೇಡ್, ಸೈನ್ಯದಲ್ಲಿದ್ದು ಬಂದವರು. ಬ್ಯಾಸ್ಕೆಟ್‌ಬಾಲ್ ಕಲಿಸಿದ್ದು ಅವರೇ, ಕಲಿಸಿದ ರೀತಿಯೂ ಒರಟು. ಕೆಳಗೆ ಬಿದ್ದರೆ ಏಳಬೇಕು, ದೂರು ಹೇಳಬಾರದು. ಮುಂದೆ ವೇಡ್ ಶೂ ಜಾಹೀರಾತಿನಲ್ಲಿ ಏಳು ಸಲ ಬಿದ್ದು ಎಂಟು ಸಲ ಏಳುವ ಆಟಗಾರನಾಗಿ ಕಾಣಿಸಿಕೊಂಡರು. ಅದು ಜಾಹೀರಾತಿನವರ ಜಾಣ್ಮೆ ಮಾತ್ರವಲ್ಲ, ಅಪ್ಪನ ಅಂಗಳದ ಪಾಠವೂ ಹೌದು. ಜೊಲಿಂಡಾ ಕೊನೆಗೆ ವ್ಯಸನ ಬಿಟ್ಟು ಧರ್ಮಬೋಧಕಿಯಾದರು. 2008ರಲ್ಲಿ ಮಗ ಅವರಿಗೆ ಚರ್ಚ್ ಕಟ್ಟಡವನ್ನೇ ಕೊಡಿಸಿದರು.

ವೇಡ್ ತಾವೇ ಅಪ್ಪನಾದಾಗ ಇಪ್ಪತ್ತು ವರ್ಷ. ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 2002ರಲ್ಲಿ ಮೊದಲ ಮಗ ಝೈರ್ ಹುಟ್ಟಿದ. ಮರುವರ್ಷ ಬಲಿಷ್ಠ ಕೆಂಟಕಿ ತಂಡದ ವಿರುದ್ಧ 29 ಅಂಕ, 11 ರಿಬೌಂಡ್, 11 ಅಸಿಸ್ಟ್ ಗಳಿಸಿ ಮಾರ್ಕೆಟ್ ತಂಡವನ್ನು ಕಾಲೇಜು ಟೂರ್ನಿಯ ಕೊನೆಯ ನಾಲ್ವರ ಘಟ್ಟಕ್ಕೆ ಒಯ್ದರು. ಅದೇ ಬೇಸಿಗೆಯಲ್ಲಿ ಮಯಾಮಿ ಅವರನ್ನು ಐದನೆಯವರಾಗಿ ಆರಿಸಿಕೊಂಡಿತು. 2006ರ ಫೈನಲ್‌ನಲ್ಲಿ ಡಲ್ಲಾಸ್ ಎದುರು ಮೊದಲೆರಡು ಪಂದ್ಯ ಸೋತ ಮೇಲೆ ಸತತ ನಾಲ್ಕನ್ನು ಗೆದ್ದ ಕಥೆ ಅಭಿಮಾನಿಗಳಿಗೆ ಬಾಯಿಪಾಠ. ಆ ಆರು ಪಂದ್ಯಗಳಲ್ಲಿ ವೇಡ್ ಸರಾಸರಿ 34.7.

ಮೊದಲ ಮದುವೆ ವಿಚ್ಛೇದನದಲ್ಲಿ ಮುಗಿದ ನಂತರ ದೀರ್ಘ ಕಾನೂನು ಹೋರಾಟ ನಡೆದು, 2011ರಲ್ಲಿ ಇಬ್ಬರು ಮಕ್ಕಳು ಅವರ ಪಾಲನೆಗೆ ಬಂದರು. ಅಕ್ಕನ ಮಗನೂ ಅದೇ ಮನೆಯಲ್ಲಿ ಬೆಳೆದ. ಮರುವರ್ಷ ಬಂದ ಅವರ ಪುಸ್ತಕದ ಹೆಸರಿನಲ್ಲೇ ‘ಮೊದಲು ಅಪ್ಪ’ ಎಂಬ ಘೋಷಣೆಯಿತ್ತು. ಸಾಮಾನ್ಯ ಋತುವಿನಲ್ಲೇ 82 ಪಂದ್ಯ, ಅದರಲ್ಲಿ ಅರ್ಧ ಬೇರೆ ಊರುಗಳಲ್ಲಿ ಆಡುವವರು ಹೀಗೆ ಹೇಳಿಕೊಂಡರೆ ಹುಬ್ಬೇರಿಸಬಹುದು. ದಾದಿ, ಕಾರು, ಖಾಸಗಿ ಶಾಲೆ ಎಲ್ಲವನ್ನೂ ದುಡ್ಡು ಒದಗಿಸುವಾಗ ಅಪ್ಪನಾಗುವುದು ಅಷ್ಟೇನೂ ಕಷ್ಟವಲ್ಲ ಎಂದೂ ಅನ್ನಬಹುದು. ಆದರೆ 2018ರ ನವೆಂಬರ್‌ನಲ್ಲಿ ಏನಾಯಿತು ನೋಡಿ. ಅದು ವೇಡ್ ವಿದಾಯದ ಋತು. ಯಾವ ಊರಿಗೆ ಹೋದರೂ ಜನ ಎದ್ದು ನಿಂತು ಬೀಳ್ಕೊಡುತ್ತಿದ್ದರು. ಆಗ ಅವರಿಗೂ ಪತ್ನಿ, ನಟಿ ಗೇಬ್ರಿಯೆಲ್ ಯೂನಿಯನ್‌ಗೂ ಬಾಡಿಗೆ ತಾಯಿಯ ಮೂಲಕ ಮಗಳು ಕಾವಿಯಾ ಹುಟ್ಟಿದಳು. ವೇಡ್ ಸುಮಾರು ಎರಡು ವಾರ ಮೈದಾನದತ್ತ ಸುಳಿಯಲಿಲ್ಲ. ಮತ್ತೆ ಸಿಗದ ಆ ಪಂದ್ಯಗಳನ್ನು ಬಿಟ್ಟು ಮಗುವಿನ ಜೊತೆ ಮನೆಯಲ್ಲಿದ್ದರು.

ಬಟ್ಟೆ ಮತ್ತು ಮಕ್ಕಳ ವಿಷಯ ಅವರ ಬದುಕಿನಲ್ಲಿ ಬೇರೆಯಾಗಿ ಉಳಿಯದಿದ್ದುದಕ್ಕೆ ಇನ್ನೂ ಕಟುವಾದ ನಿದರ್ಶನಗಳಿವೆ. 2012ರ ಫೆಬ್ರುವರಿ 26ರಂದು ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಹದಿನೇಳರ ಟ್ರೇವಾನ್ ಮಾರ್ಟಿನ್ ಗುಂಡೇಟಿಗೆ ಬಲಿಯಾದ. ಅವನ ಕೈಯಲ್ಲಿ ಆಯುಧವಿರಲಿಲ್ಲ. ತಲೆಯ ಮೇಲೆ ಟೋಪಿ ಎಳೆದುಕೊಳ್ಳುವ ಹೂಡಿ ಅಂಗಿ ಮೈಮೇಲಿತ್ತು, ಆ ಅಂಗಿಯೇ ಅನುಮಾನಕ್ಕೆ ಆಸ್ಪದವಾಯಿತು ಎಂಬಂತೆ ಟಿವಿಯಲ್ಲಿ ಚರ್ಚೆ ನಡೆಯಿತು. ಮಾರ್ಚ್‌ನಲ್ಲಿ ಮಯಾಮಿ ತಂಡದವರೆಲ್ಲ ಹೂಡಿ ತೊಟ್ಟು, ತಲೆ ತಗ್ಗಿಸಿ, ಕೈಗಳನ್ನು ಜೇಬಿಗಿಳಿಸಿ ನಿಂತ ಚಿತ್ರ ಹೊರಬಂತು. ಅದರ ಹಿಂದಿದ್ದವರಲ್ಲಿ ವೇಡ್ ಪ್ರಮುಖರು. ಕ್ರಿಸ್‌ಮಸ್ ಉಡುಗೊರೆಯಾಗಿ ತನ್ನ ದೊಡ್ಡ ಮಗ ಕೇಳಿದ್ದೂ ಹೂಡಿಗಳನ್ನೇ ಎಂದು ಅವರು ಆಗ ಸುದ್ದಿಗಾರರಿಗೆ ಹೇಳಿದರು. ಬೀದಿಯ ಉಡುಪನ್ನು ಬಾಗಿಲಾಚೆ ಇಟ್ಟ ಲೀಗಿನ ಆಟಗಾರರು ಅದೇ ಉಡುಪನ್ನು ತೊಟ್ಟು ನಿಂತರು. ಆರು ವರ್ಷಗಳ ಹಿಂದೆ ಐವರ್ಸನ್ ಮೊದಲಾದವರು ಕೂಗಿ ಹೇಳಿದ್ದ ಮಾತಿಗೆ ಈಗ ಒಂದು ಇಡೀ ತಂಡದ ದನಿ ಸಿಕ್ಕಿತ್ತು.

2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಸತ್ತವರಲ್ಲಿ ವಾಕೀನ್ ಆಲಿವರ್ ಒಬ್ಬ. ವೇಡ್ ಬೇರೆ ತಂಡಗಳಲ್ಲಿ ಆಡಿ ಮಯಾಮಿಗೆ ಮರಳಿದ್ದು ಅದಕ್ಕೆ ಕೆಲವೇ ದಿನ ಮುಂಚೆ. ಆ ಸುದ್ದಿಗೆ ಕುಣಿದಾಡಿದ್ದ ಹುಡುಗನನ್ನು ಮನೆಯವರು ವೇಡ್ ಜರ್ಸಿ ತೊಡಿಸಿಯೇ ಮಣ್ಣು ಮಾಡಿದರು. ವೇಡ್ ಅವನ ಹೆಸರನ್ನು ಶೂ ಮೇಲೆ ಬರೆದುಕೊಂಡು ಆಡಿದರು, ಆ ಶಾಲೆಗೂ ಹೋಗಿಬಂದರು. ಕೊನೆಯ ಋತುವಿನಲ್ಲಿ ಪಂದ್ಯ ಮುಗಿದೊಡನೆ ಎದುರಾಳಿ ತಂಡದವರೊಬ್ಬರ ಜೊತೆ ಜರ್ಸಿ ಬದಲಾಯಿಸಿಕೊಳ್ಳುವ ರೂಢಿ ಇಟ್ಟುಕೊಂಡಿದ್ದರು. ಒಂದು ಬಿಯರ್ ಕಂಪನಿ ಇದನ್ನೇ ಹಿಡಿದು ಮಾಡಿದ ಚಿತ್ರದಲ್ಲಿ ಅವರಿಂದ ನೆರವು ಪಡೆದ ಸಾಮಾನ್ಯರು ಒಬ್ಬೊಬ್ಬರಾಗಿ ಬಂದು ತಮ್ಮ ಬದುಕಿನ ಒಂದೊಂದು ವಸ್ತುವನ್ನು ಕೊಡುತ್ತಾರೆ. ವಾಕೀನ್‌ನ ಅಕ್ಕ ಬಂದು ತಮ್ಮನ ಇನ್ನೊಂದು ಜರ್ಸಿ ಕೊಡುತ್ತಾಳೆ, ಕೊನೆಗೆ ಜೊಲಿಂಡಾ ಬರುತ್ತಾರೆ. ಜಾಹೀರಾತೇ ಸರಿ, ಆದರೂ ಅಲ್ಲಿ ವೇಡ್ ಕಣ್ಣೊರೆಸಿಕೊಳ್ಳುವುದನ್ನು ನಟನೆ ಎನ್ನಲು ಮನಸ್ಸು ಬರುವುದಿಲ್ಲ.

2020ರ ಫೆಬ್ರುವರಿಯಲ್ಲಿ ವೇಡ್ ಟಿವಿಯಲ್ಲಿ ಒಂದು ಸಂಗತಿ ಹೇಳಿದರು. ಹುಟ್ಟಿದಾಗ ಗಂಡೆಂದು ಗುರುತಿಸಿದ್ದ ಎರಡನೇ ಮಗು, ಆಗ ಹನ್ನೆರಡರ ವಯಸ್ಸು, ತನ್ನನ್ನು ಹೆಣ್ಣೆಂದು ಕರೆಯಬೇಕು, ಝಾಯಾ ಎಂಬ ಹೆಸರಿನಿಂದ ಕೂಗಬೇಕು ಎಂದು ಮನೆಯಲ್ಲಿ ತಿಳಿಸಿದ್ದಳು. ಗಂಡ ಹೆಂಡತಿ ಇಬ್ಬರೂ ಅವಳ ಬೆನ್ನಿಗೆ ನಿಂತರು. ಅದಕ್ಕೂ ಮೊದಲೇ, 2019ರ ಏಪ್ರಿಲ್‌ನಲ್ಲಿ, ಮನೆಯವರು ಮಯಾಮಿಯ ಪ್ರೈಡ್ ಮೆರವಣಿಗೆಗೆ ಹೋಗಿದ್ದರು. ಪಂದ್ಯವಿದ್ದ ಕಾರಣ ವೇಡ್‌ಗೆ ಸೇರಿಕೊಳ್ಳಲಾಗಲಿಲ್ಲ. ‘ಮೊದಲು ಅಪ್ಪ’ ಎಂದವರಿಗೂ ಆ ದಿನ ಆಟವೇ ಮೊದಲಾಯಿತು. ಇನ್‌ಸ್ಟಾಗ್ರಾಮ್‌ನಲ್ಲೇ ಮನೆಯವರನ್ನು ಹುರಿದುಂಬಿಸಿದರು.

ಹೀಗೆ ಮಗುವಿನ ಬೆನ್ನಿಗೆ ನಿಲ್ಲುವುದು ಅವರಿಗೆ ಸಲೀಸಾಗಿ ಬಂದ ಗುಣವಲ್ಲ. ಝಾಯಾಗೆ ಮೂರು ವರ್ಷವಿದ್ದಾಗಲೇ ಬೇರೆ ಬಗೆಯ ಮಗುವಿದು ಅನಿಸಿತ್ತು, ಈ ಮಗು ಮುಂದೊಂದು ದಿನ ಮನೆಗೆ ಬಂದು ತಾನು ಸಲಿಂಗಿ ಎಂದು ಹೇಳಿದರೆ ನೀನು ಏನು ಮಾಡುತ್ತೀಯೆಂದು ಕನ್ನಡಿ ಮುಂದೆ ನಿಂತು ತನ್ನನ್ನೇ ಕೇಳಿಕೊಳ್ಳಬೇಕಾಯಿತು ಎಂಬರ್ಥದ ಮಾತನ್ನು ಅವರು ಪಾಡ್‌ಕಾಸ್ಟ್ ಒಂದರಲ್ಲಿ ಆಡಿದ್ದಾರೆ. ಗಂಡಸುತನವನ್ನೇ ಗಳಿಕೆಯಂತೆ ಎಣಿಸುವ ಲಾಕರ್ ರೂಮಿನಲ್ಲಿ ಬೆಳೆದವರು ಆ ಪ್ರಶ್ನೆ ಕೇಳಿಕೊಂಡದ್ದೇ ದೊಡ್ಡದು. ಗುಲಾಬಿ ಪ್ಯಾಂಟು ತೊಟ್ಟವರೆಲ್ಲ ಇಂಥ ಅಪ್ಪಂದಿರಾಗುತ್ತಾರೆ ಎಂದು ಯಾರೂ ಹೇಳಲಾರರು. ಆದರೂ ತನ್ನ ಬಟ್ಟೆಗೆ ಊರೇ ನಕ್ಕಾಗ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂದಿರಬೇಕು. ಮಗುವಿನ ಬಟ್ಟೆಗೆ ಜನ ಬೈಯತೊಡಗಿದಾಗ, ಬೈಗುಳಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ಅಂದಾಜು ಅವರಿಗೆ ಆಗಲೇ ಇತ್ತು. ಬೈದವರಲ್ಲಿ ಹಾಡುಗಾರರಿದ್ದರು, ಆಟಗಾರರೂ ಇದ್ದರು. ವೇಡ್ ಉಗುರಿಗೆ ಬಣ್ಣ ಹಚ್ಚಿಕೊಂಡು ಕಾಣಿಸಿಕೊಂಡರು. ಝಾಯಾ ಮುಂದೆ ಪ್ಯಾರಿಸ್‌ನಲ್ಲಿ ಮ್ಯೂ ಮ್ಯೂ ಕಂಪನಿಯ ಫ್ಯಾಷನ್ ವೇದಿಕೆಯ ಮೇಲೆ ನಡೆದಳು.

2023ರಲ್ಲಿ ಅವರು ಇನ್ನೊಂದು ವಿಷಯ ಬಾಯಿಬಿಟ್ಟರು. ಕುಟುಂಬ ಫ್ಲಾರಿಡಾ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದದ್ದಕ್ಕೆ ಫ್ಲಾರಿಡಾದ ಕಾನೂನುಗಳೂ ಒಂದು ಕಾರಣ, ತಮ್ಮ ಕುಟುಂಬವನ್ನು ಆ ರಾಜ್ಯ ಒಪ್ಪಿಕೊಳ್ಳುತ್ತಿರಲಿಲ್ಲ ಎಂದರು. ಮಯಾಮಿ ಇರುವ ಕೌಂಟಿಯನ್ನು ಜನ ಅವರ ಹೆಸರಿನಲ್ಲಿ ವೇಡ್ ಕೌಂಟಿ ಎಂದೇ ಕರೆಯುತ್ತಿದ್ದರು. ಅಂಥ ನೆಲವನ್ನು ಮಗಳಿಗಾಗಿ ಬಿಡಬೇಕಾಯಿತು. ಬಿಡುವ ಅನುಕೂಲ ಅವರಿಗಿತ್ತು; ಬಾಡಿಗೆ ಮನೆಯಲ್ಲಿದ್ದು ದಿನಗೂಲಿಗೆ ಹೋಗುವ ಅಪ್ಪನಿಗೆ ಅಂಥದೇ ಮಗುವಿದ್ದರೆ ರಾಜ್ಯ ಬದಲಾಯಿಸುವ ಮಾತೆಲ್ಲಿ?

ಅದೇ ವರ್ಷದ ಆಗಸ್ಟ್ 12ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೇಡ್ ಹಾಲ್ ಆಫ್ ಫೇಮ್‌ಗೆ ಸೇರಿದರು. ವೇದಿಕೆಯಲ್ಲಿ ಜೊತೆಗೆ ನಿಲ್ಲಲು ಆರಿಸಿಕೊಂಡದ್ದು ಐವರ್ಸನ್ ಅವರನ್ನು. ಭಾಷಣ ಮುಗಿಯುವ ಹೊತ್ತಿಗೆ ಅಪ್ಪನನ್ನು ಮೇಲಕ್ಕೆ ಕರೆದು, ಈ ಗೌರವ ಇಬ್ಬರಿಗೂ ಸೇರಿದ್ದು ಎಂಬಂತೆ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಬಿದ್ದರೆ ಏಳು ಎಂದಷ್ಟೇ ಹೇಳಿಕೊಟ್ಟ ಆ ಒರಟು ಮನುಷ್ಯನ ಬಗ್ಗೆ ಮಗನಿಗೆ ಕಹಿಯಿರಲಿಲ್ಲ. ಆದರೆ ತನ್ನ ಮಕ್ಕಳನ್ನು ಆ ರೀತಿಯಲ್ಲಿ ಬೆಳೆಸಲೂ ಇಲ್ಲ.

ಮರುವರ್ಷ ಅಕ್ಟೋಬರ್‌ನಲ್ಲಿ ಮಯಾಮಿಯ ಕ್ರೀಡಾಂಗಣದೆದುರು ಅವರ ಕಂಚಿನ ಪ್ರತಿಮೆ ಅನಾವರಣಗೊಂಡಾಗ ಮತ್ತೆ ನಗೆಯ ಅಲೆ ಎದ್ದಿತು. ಮುಖ ಯಾರದೋ ಇದೆ, ವೇಡ್ ಅವರದಲ್ಲ ಎಂದು ಇಂಟರ್‌ನೆಟ್ ತುಂಬ ಗೇಲಿ. ಅನಾವರಣದ ವೇಳೆ ವೇಡ್ ತಾವೇ, ಇದ್ಯಾರಪ್ಪ ಎಂಬಂತೆ ತಮಾಷೆ ಮಾಡಿದ್ದರು, ಶಿಲ್ಪಿಗಳನ್ನು ಬಿಟ್ಟುಕೊಡಲಿಲ್ಲ. ನಗುವವರಿಗೆ ಅದರಿಂದ ಸ್ವಲ್ಪ ನಿರಾಸೆಯೇ ಆಗಿರಬೇಕು.

2025ರ ಜನವರಿಯಲ್ಲಿ ತಮ್ಮದೇ ಪಾಡ್‌ಕಾಸ್ಟ್‌ನಲ್ಲಿ ಅವರು ಕ್ಯಾನ್ಸರ್ ವಿಷಯ ಹೇಳಿದರು. ಹೊಟ್ಟೆನೋವು, ಮೂತ್ರದ ತೊಂದರೆ ಎಂದು ಬಹಳ ದಿನ ತಳ್ಳಿಹಾಕಿದ್ದವರು ಕೊನೆಗೆ ಇಡೀ ಮೈಯ ತಪಾಸಣೆಗೆ ಹೋದಾಗ ಬಲ ಮೂತ್ರಪಿಂಡದಲ್ಲಿ ಗಡ್ಡೆ ಸಿಕ್ಕಿತ್ತು. 2023ರ ಡಿಸೆಂಬರ್‌ನಲ್ಲಿ, ಹಾಲ್ ಆಫ್ ಫೇಮ್ ಸಮಾರಂಭವಾಗಿ ನಾಲ್ಕು ತಿಂಗಳಿಗೆ, ಶಸ್ತ್ರಚಿಕಿತ್ಸೆಯಲ್ಲಿ ಆ ಮೂತ್ರಪಿಂಡದ ಶೇ 40ರಷ್ಟು ಭಾಗವನ್ನು ತೆಗೆದುಹಾಕಿದ್ದರು. ಪರೀಕ್ಷೆ ಎಂದರೆ ಹಿಂಜರಿಯುವ ಗಂಡಸರನ್ನು ಉದ್ದೇಶಿಸಿ, ತಾವೂ ಹಾಗೇ ಇದ್ದದ್ದನ್ನು ಮುಚ್ಚಿಡದೆ ಮಾತಾಡಿದರು. ಕಾಯಿಲೆಗಿಂತ ಅವರನ್ನು ಹೆಚ್ಚು ಕಾಡಿದ್ದು ಬೇರೆಯೇ: ಅಪ್ಪ ಮತ್ತು ಮನೆಮಂದಿ ತನ್ನನ್ನು ನಿಶ್ಶಕ್ತನಾಗಿ ಕಂಡದ್ದು ಅದೇ ಮೊದಲು. 2025ರಲ್ಲೇ ಅಮೆಜಾನ್ ಪ್ರೈಮ್ ವಿಡಿಯೊದ ಎನ್‌ಬಿಎ ಪ್ರಸಾರದಲ್ಲಿ ವಿಶ್ಲೇಷಕರಾಗಿ ಅವರ ಹೊಸ ಕೆಲಸ ಶುರುವಾಯಿತು.