ಪುನುಗು ಬೆಕ್ಕಿನ ಕಾಫಿ ನಮ್ಮ ಹೋಟೆಲಿಗೆ ಬೇಕೆ?

ಬಾಲಿ ಪ್ರವಾಸ ಮುಗಿಸಿ ಬಂದ ಗಿರಾಕಿಗಳು ಗಲ್ಲಾದ ಮುಂದೆ ನಿಂತು "ಲುವಾಕ್ ಕಾಫಿ ಇಲ್ಲವೇ?" ಎಂದು ಕೇಳುವ ಕಾಲ ಬಂದಿದೆ. ಇದನ್ನು ಮೆನುವಿಗೆ ಸೇರಿಸಿದರೆ ಹೇಗೆ ಎಂದು ಯೋಚಿಸುವ ಸದಸ್ಯರೂ ನಮ್ಮಲ್ಲಿದ್ದಾರೆ. ಬೇಡವೆಂದೇ ನನ್ನ ಅಭಿಪ್ರಾಯ.

ರಾತ್ರಿ ತೋಟಕ್ಕೆ ಬರುವ ಈ ಪ್ರಾಣಿ ಚೆನ್ನಾಗಿ ಮಾಗಿದ ಕಾಫಿ ಹಣ್ಣನ್ನೇ ಆರಿಸಿ ತಿನ್ನುತ್ತದೆ. (ಪತ್ರಿಕೆಗಳು ಪುನುಗು ಬೆಕ್ಕು ಎಂದು ಬರೆದರೂ ಇದು ಮರ ಹತ್ತುವ, ಅದೇ ಬಳಗದ ಇನ್ನೊಂದು ಪ್ರಾಣಿ.) ತಿರುಳು ಜೀರ್ಣವಾಗಿ ಬೀಜ ಹಿಕ್ಕೆಯಲ್ಲಿ ಇಡಿಯಾಗಿ ಹೊರಬರುತ್ತದೆ. ಅದನ್ನು ಆಯ್ದು, ತೊಳೆದು, ಒಣಗಿಸಿ ಹುರಿಯುತ್ತಾರೆ. ಇಂಡೋನೇಷ್ಯಾದಲ್ಲಿ ಇದು ಹಳೆಯ ಸಂಗತಿ. ಕೊಡಗಿನಲ್ಲೂ ತಯಾರಾಗುತ್ತಿದೆ ಎಂಬ ಸುದ್ದಿ 2017ರಲ್ಲಿ ಬಂತು. ಆಗ ಹೇಳಿದ ಬೆಲೆ ಇಲ್ಲಿ ಕಿಲೋಗೆ 8,000 ರೂಪಾಯಿ, ವಿದೇಶದಲ್ಲಿ 20,000ದಿಂದ 25,000.

ಕೊಡಗಿನ ತೋಟವೊಂದರಲ್ಲಿ ನಾನೂ ಕುಡಿದು ನೋಡಿದ್ದೇನೆ. ಹಾಲಿಲ್ಲ, ಸಕ್ಕರೆಯಿಲ್ಲ. ಕಹಿ ಕಡಿಮೆ, ಬಹಳ ಮೆದು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಆದರೆ ಚಿಕೋರಿ ಸೇರಿಸಿ ಡಿಕಾಕ್ಷನ್ ಇಳಿಸಿ, ಮೇಲೆ ಹಾಲು ಹೊಯ್ದರೆ ಆ ಮೆದುರುಚಿಯ ಗುರುತೂ ಸಿಗದು. 1996ರಲ್ಲಿ ಕೊತ್ತವಾಲ್ ಚಾವಡಿಯಿಂದ ತರಕಾರಿ ಮಾರುಕಟ್ಟೆ ಕೋಯಂಬೇಡಿಗೆ ಬಂದ ಮೇಲೆ ಇಲ್ಲಿನ ವ್ಯಾಪಾರವೆಲ್ಲ ನಡುರಾತ್ರಿಯಿಂದಲೇ. ಲಾರಿಯಿಂದ ಈರುಳ್ಳಿ ಮೂಟೆ ಇಳಿಸಿ ಬರುವವನು ಕೇಳುವುದು ಸ್ಟ್ರಾಂಗ್ ಕಾಫಿ. ಲೋಟಕ್ಕೆ 10 ಗ್ರಾಂ ಪುಡಿ ಹಿಡಿದರೂ ಕೊಡಗಿನ ಆ ದರದಲ್ಲಿ ಪುಡಿಗೇ 80 ರೂಪಾಯಿ ಆಯಿತು. ಹಾಲು, ಗ್ಯಾಸ್, ಸಂಬಳ ಬೇರೆ!

ದುಡ್ಡಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಬೆಲೆ ಏರಿದಂತೆ ಇಂಡೋನೇಷ್ಯಾದಲ್ಲಿ ಈ ಪ್ರಾಣಿಗಳನ್ನು ಬೋನಿನಲ್ಲಿ ಕೂಡಿಹಾಕಿ ಕಾಫಿ ಹಣ್ಣು ತಿನ್ನಿಸುವ ದಂಧೆ ಬೆಳೆಯಿತು. 1991ರಲ್ಲಿ ಈ ಕಾಫಿಯನ್ನು ಬ್ರಿಟನ್ನಿಗೆ ತಂದ ವ್ಯಾಪಾರಿ ಟೋನಿ ವೈಲ್ಡ್, 2013ರಲ್ಲಿ ತಾವೇ ಇದರ ವಿರುದ್ಧ ಪ್ರಚಾರಕ್ಕಿಳಿದರು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇದು ರಕ್ಷಿತ ಪ್ರಾಣಿ. ಪೊಟ್ಟಣದ ಮೇಲೆ 'ಕಾಡಿನಲ್ಲಿ ಆಯ್ದದ್ದು' ಎಂದಿದ್ದರೆ ಅದು ನಿಜವೇ ಎಂದು ಅಡುಗೆಮನೆಯಲ್ಲಿ ನಿಂತು ಪರೀಕ್ಷಿಸುವುದು ಹೇಗೆ? ಗಿರಾಕಿ ಕೇಳಿದರೆ ಉತ್ತರ ಕೊಡಬೇಕಾದವರು ನಾವು. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿ ಹಿಕ್ಕೆಯಿಂದ ಬಂದ ಬೀಜ ಕೊಟ್ಟರೆ, ಮಡಿವಂತ ಅಜ್ಜಿ ಮತ್ತೆ ನಮ್ಮ ಮೆಟ್ಟಿಲು ಹತ್ತುವರೆ?

ಹೆಸರಿನ ಕಾಫಿಯೇ ಬೇಕೆಂದರೆ 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಅವನ್ನು ತರಿಸಿ, ಎಲ್ಲಿಯ ಬೀಜ, ಚಿಕೋರಿ ಎಷ್ಟು ಎಂದು ಬೋರ್ಡಿನಲ್ಲಿ ಬರೆಯೋಣ. ಪುಡಿಯ ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣ ಅಚ್ಚು ಹಾಕಲೇಬೇಕು, ಅದು ಶೇ. 49 ಮೀರಬಾರದು ಎಂಬ ಕಾನೂನು ಹೇಗೂ ಇದೆ. ಅದೇ ಅಂಕಿಯನ್ನು ಗೋಡೆಯ ಮೇಲೂ ಬರೆಯಲು ನಮ್ಮಲ್ಲಿ ಎಷ್ಟು ಜನ ಸಿದ್ಧರಿದ್ದೀರಿ?