ಕ್ರಯವೂ ಗುಣವೂ

ಕುಂಸಿಯಲ್ಲಿರುವ ನಮ್ಮ ಮನೆಯ ಜಗಲಿಗೆ ಸಾಯಂಕಾಲವಾದೊಡನೆ ಊರಿನ ಕೆಲವು ತರುಣರು ಬಂದು ಕುಳಿತುಕೊಳ್ಳುವುದುಂಟು. ಅವರಲ್ಲಿ ಹಲವರು ಒಂದಾನೊಂದು ಕಾಲದಲ್ಲಿ ನಮ್ಮಿಂದ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿಕೊಂಡವರೇ. 2024ನೆಯ ಇಸವಿಯ ನವೆಂಬರ್ 24 ಮತ್ತು 25ನೆಯ ತಾರೀಖುಗಳಲ್ಲಿ ಅರೇಬಿಯಾದ ಜೆಡ್ಡಾ ನಗರದಲ್ಲಿ ಐ.ಪಿ.ಎಲ್. ಕ್ರಿಕೆಟ್ ಆಟಗಾರರ ಹರಾಜು ನಡೆದಾಗ ಆ ಜಗಲಿಯು ನ್ಯಾಯಸ್ಥಾನವೇ ಆಗಿಬಿಟ್ಟಿತು. ಬೆಂಗಳೂರಿನ ತಂಡಕ್ಕೆ ಹೊಸಬರು ಯಾರು ಬಂದರು, ಯಾರಿಗೆ ಕೊಟ್ಟ ಹಣ ಸಾರ್ಥಕ, ಯಾರಿಗೆ ಕೊಟ್ಟದ್ದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂಬ ತೀರ್ಪುಗಳು ಕ್ಷಣಕ್ಕೊಂದರಂತೆ ಹೊರಬಿದ್ದವು. ಕೊನೆಗೆ ಒಬ್ಬನು, “ಮೇಷ್ಟ್ರೇ, ಈ ತಂಡಕ್ಕೆ ನೂರಕ್ಕೆ ಎಷ್ಟು ಅಂಕ ಕೊಡುವಿರಿ?” ಎಂದು ನಮ್ಮನ್ನೇ ಕೇಳಿದನು.

ಈ ವ್ಯವಹಾರವನ್ನರಿಯದ ವಾಚಕರಿಗಾಗಿ ಎರಡು ಮಾತು. ಪ್ರತಿಯೊಂದು ತಂಡಕ್ಕೂ ಖರ್ಚಿಗೆ 120 ಕೋಟಿ ರೂಪಾಯಿಗಳ ಮಿತಿಯಿದ್ದಿತು. ಬೆಂಗಳೂರಿನವರು ವಿರಾಟ್ ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಎಂಬ ಮೂವರನ್ನು 37 ಕೋಟಿಗೆ ಉಳಿಸಿಕೊಂಡು, ಮಿಕ್ಕ 83 ಕೋಟಿಯೊಡನೆ ಹರಾಜಿಗೆ ಕುಳಿತರು. ಹೇಜಲ್‌ವುಡ್ಡನಿಗೆ ಹನ್ನೆರಡೂವರೆ ಕೋಟಿ, ಸಾಲ್ಟನಿಗೆ ಹನ್ನೊಂದೂವರೆ, ಜಿತೇಶ್ ಶರ್ಮನಿಗೆ ಹನ್ನೊಂದು, ಕೃಣಾಲ್ ಪಾಂಡ್ಯನಿಗೆ ಐದೂ ಮುಕ್ಕಾಲು. ನಮ್ಮ ಕೆ. ಎಲ್. ರಾಹುಲ್ 14 ಕೋಟಿಗೆ ದೆಹಲಿಯವರ ಪಾಲಾದನು. ಬೆಂಗಳೂರಿನವನೇ ಆದ ಮಯಾಂಕ್ ಅಗರ್ವಾಲನನ್ನಂತೂ ಯಾವ ತಂಡದವರೂ ಕೂಗಲಿಲ್ಲ. “ಕನ್ನಡಿಗರನ್ನು ಬಿಟ್ಟು ಕಂಡವರನ್ನು ಕೊಂಡರು” ಎಂದು ಜಗಲಿಯಲ್ಲಿ ಶೋಕವೂ ರೋಷವೂ ಏಕಕಾಲದಲ್ಲಿ ಉಕ್ಕಿದವು. ಪಾಂಡ್ಯನ ಹೆಸರಿಗೆ ಒಬ್ಬನು ಸೊನ್ನೆಯನ್ನೇ ಹಾಕಿದನು.

ನಾವು ಮಾತ್ರ ಅಂಕ ಕೊಡಲಿಲ್ಲ. ಅದಕ್ಕೆ ಕಾರಣ ನಮ್ಮ ವಿವೇಕವಲ್ಲ, ನಮ್ಮದೇ ಒಂದು ಹಳೆಯ ತಪ್ಪು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ತರಗತಿಗೆ ಒಬ್ಬ ಹುಡುಗನು ಹೊಸದಾಗಿ ಸೇರಿದನು. ಹಲಗೆಯ ಮೇಲೆ ಬರೆದುದನ್ನು ಓದೆಂದರೆ ತಡವರಿಸುವನು. ಬರೆದುಕೊಳ್ಳೆಂದರೆ ಪಕ್ಕದವನದನ್ನು ಇಣುಕುವನು. ಹದಿನೈದು ದಿನಗಳಲ್ಲೇ ನಾವು ಅವನನ್ನು ಮಂದಮತಿಯೆಂದು ನಿರ್ಣಯಿಸಿ ಕೊನೆಯ ಬೆಂಚಿಗೆ ಕಳುಹಿಸಿದೆವು. ಅವನ ತಂದೆ ಬಂದು ಕೇಳಿದಾಗ, “ಓದು ಇವನಿಗೆ ಹತ್ತುವಂತಿಲ್ಲ” ಎಂದುಬಿಟ್ಟೆವು. ಮರುವರ್ಷ ಹುಡುಗನು ಶಾಲೆಗೆ ಬರಲಿಲ್ಲ. ಬಹುಕಾಲದ ಮೇಲೆ ಅವನನ್ನು ಶಿವಮೊಗ್ಗೆಯ ಒಂದು ಅಡಿಕೆ ಮಂಡಿಯಲ್ಲಿ ಕಂಡೆವು. ದಪ್ಪ ಕನ್ನಡಕ ಧರಿಸಿ, ತೂಕ, ದರ, ಮುರಿತಗಳನ್ನೆಲ್ಲ ಬಾಯಲ್ಲೇ ಲೆಕ್ಕಹಾಕಿ ಹೇಳುತ್ತಿದ್ದನು. ನಮ್ಮ ಕಾಲಿಗೆ ನಮಸ್ಕರಿಸಿ, “ಆಗ ನನಗೆ ಹಲಗೆ ಕಾಣುತ್ತಿರಲಿಲ್ಲ ಮೇಷ್ಟ್ರೇ, ಅದು ನನಗೂ ತಿಳಿದಿರಲಿಲ್ಲ” ಎಂದನು. ಅವನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

‘ಪರೀಕ್ಷಾ’ ಎಂಬ ಪದದಲ್ಲಿ ‘ಪರಿ’ ಎಂದರೆ ಸುತ್ತಲೂ, ‘ಈಕ್ಷಾ’ ಎಂದರೆ ನೋಟ. ಇದನ್ನು ನೂರಾರು ಮಕ್ಕಳಿಗೆ ಬಿಡಿಸಿ ಹೇಳಿದ ನಾವು ಆ ಒಬ್ಬ ಹುಡುಗನನ್ನು ಒಂದೇ ಮಗ್ಗುಲಿನಿಂದ ನೋಡಿದ್ದೆವು.

ಅಡಿಕೆಗಾದರೋ ಇಂಥ ಅನ್ಯಾಯವಾಗುವುದಿಲ್ಲ. ಅದನ್ನು ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸಿದ ಮೇಲಷ್ಟೆ ಬೆಲೆ ಕಟ್ಟುವರು. ಆಟಗಾರರ ಹರಾಜಿನಲ್ಲಿಯಾದರೆ ಹಿಂದಿನ ಫಸಲನ್ನು ನೋಡಿ, ಇನ್ನೂ ಬಾರದ ಫಸಲಿಗೆ ಹಣ ತೆರಬೇಕು. ಅಷ್ಟೇ ಅಲ್ಲ, ಆ ಗಳಿಗೆಯಲ್ಲಿ ಎಷ್ಟು ತಂಡಗಳಿಗೆ ಅಂಥವನು ಬೇಕಾಗಿದ್ದಾನೆ, ಯಾರ ಚೀಲದಲ್ಲಿ ಎಷ್ಟು ಹಣ ಉಳಿದಿದೆ, ಇವುಗಳ ಮೇಲೂ ಬೆಲೆ ಏರಿಳಿಯುವುದು. ಆದುದರಿಂದ ಕ್ರಯವು ಕೊಳ್ಳುವವನ ಅಗತ್ಯಕ್ಕೆ ಅಳತೆಯೇ ಹೊರತು ಆಟಗಾರನ ಗುಣಕ್ಕೆ ಅಳತೆಯಲ್ಲ.

ಮುಂದೆ ನಡೆದುದನ್ನು ನೋಡಿರಿ. ಆ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ಬಂದದ್ದು ರಿಷಭ್ ಪಂತನಿಗೆ. ಲಕ್ನೋದವರು 27 ಕೋಟಿ ತೆತ್ತರು. 2025ನೆಯ ಮೇ 27ರಂದು ಲಕ್ನೋದಲ್ಲಿ ಅವನು ಬೆಂಗಳೂರಿನ ವಿರುದ್ಧ ಔಟಾಗದೆ 118 ಓಟಗಳನ್ನು ಹೊಡೆದನು. ಗೆಲ್ಲಲು 228 ಬೇಕಾಗಿದ್ದ ಬೆಂಗಳೂರನ್ನು ದಡ ಮುಟ್ಟಿಸಿದವರು ಯಾರು? ಔಟಾಗದೆ 85 ಹೊಡೆದ ಜಿತೇಶ್ ಶರ್ಮ. ಜೊತೆಯಲ್ಲಿ ಔಟಾಗದೆ 41 ಹೊಡೆದ ಮಯಾಂಕ್ ಅಗರ್ವಾಲ್! ಹರಾಜಿನಲ್ಲಿ ಯಾರಿಗೂ ಬೇಡವಾದವನೇ, ಗಾಯಗೊಂಡ ದೇವದತ್ತ ಪಡಿಕ್ಕಲ್ಲನ ಬದಲಿಗೆ ನಡುವೆ ಬಂದು ಸೇರಿದ್ದನು. ಜೂನ್ 3ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿ ಬೆಂಗಳೂರಿನವರು ಹದಿನೆಂಟನೆಯ ವರ್ಷಕ್ಕೆ ಮೊದಲ ಪ್ರಶಸ್ತಿ ಪಡೆದರು. ಅಂದಿನ ಪಂದ್ಯಪುರುಷನು, 4 ಓವರುಗಳಲ್ಲಿ 17 ಓಟಗಳನ್ನಷ್ಟೆ ಕೊಟ್ಟು ಇಬ್ಬರನ್ನು ಕೆಡವಿದ ಕೃಣಾಲ್ ಪಾಂಡ್ಯ. ಸೊನ್ನೆ ಹಾಕಿದ್ದ ತರುಣನು ಅಂದು ನಮ್ಮ ಮುಖ ನೋಡಿ ನಕ್ಕನು, ನಾವೂ ನಕ್ಕೆವು. ಆದರೆ ಮರುದಿನ ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟರು. ಆ ದುಃಖವನ್ನು ನೆನೆಯದೆ ಈ ಜಯವನ್ನು ಬರೆಯಲಾರೆವು.

ಹುಡುಗಿಯರ ಪಂದ್ಯಗಳಲ್ಲಿಯೂ ಹೀಗೆಯೇ ಆಯಿತು. ನಮ್ಮ ಶ್ರೇಯಾಂಕಾ ಪಾಟೀಲಳನ್ನು 2023ರಲ್ಲಿ ಕೊಂಡದ್ದು ಕೇವಲ 10 ಲಕ್ಷಕ್ಕೆ. 2024ರಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ಟು ಪಡೆದು ಬೆಂಗಳೂರಿಗೆ ಪ್ರಶಸ್ತಿ ತಂದವರಲ್ಲಿ ಅವಳೂ ಒಬ್ಬಳು. ಅಮೆರಿಕದವರ ಕಾಲ್ಚೆಂಡಾಟದಲ್ಲಿ ಹರಾಜಿಲ್ಲ. ಹಿಂದಿನ ವರ್ಷ ಸೋತು ಹಿಂದುಳಿದ ತಂಡಕ್ಕೆ ಹೊಸಬರನ್ನು ಮೊದಲು ಆರಿಸುವ ಹಕ್ಕು. ಅಲ್ಲಿಯೂ 2000ನೆಯ ಇಸವಿಯಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರಾಡಿಯು ಏಳು ಸಲ ಪರಮಪ್ರಶಸ್ತಿಯನ್ನು ಗೆದ್ದನು. ಅಷ್ಟು ದೂರವೇಕೆ? ನಮ್ಮ ನೆರೆಯ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾದರು. ಎರಡನೆಯದರಲ್ಲಿ 137 ಹೊಡೆದರು. ಮೊದಲ ಸರದಿಗೇ ಪುಸ್ತಕ ಮುಚ್ಚಿದವನು ಏನನ್ನು ಬರೆದಿಟ್ಟಿರುತ್ತಿದ್ದನು?

ತರುಣರು ಹೊಸ ಆಟಗಾರರನ್ನು ತೂಗಿ ನೋಡುವುದರಲ್ಲಿ ದೋಷವಿಲ್ಲ. ಅದೂ ಒಂದು ಪ್ರೀತಿಯೇ. ತಪ್ಪಿದರೆ ನಕ್ಕು ಮರೆಯಬಹುದು. ಮನೆಯ ಮಕ್ಕಳ ವಿಷಯ ಹಾಗಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಅಂಕಗಳನ್ನು ನೋಡಿ ಮಗುವಿಗೆ ಬೆಲೆ ಕಟ್ಟುವ ಮೊದಲು, ಗೃಹಸ್ಥರು ಒಮ್ಮೆ ಅದನ್ನು ಬಳಿಗೆ ಕರೆದು, ಹಲಗೆ ಕಾಣುವುದೇ ಎಂದು ಕೇಳಲಿ. ನಾವು ಕೇಳಲಿಲ್ಲ.