ಮೊಬೈಲಿನಲ್ಲಿ ಕಾಣುವ ನಾಯಕರು, ಕಡತಕ್ಕೆ ಸಿಗದ ಭರವಸೆಗಳು



ರಾಯದುರ್ಗ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಯಾವುದಾದರೂ ನಮ್ಮ ಶಾಸಕರ ಸುದ್ದಿ ಬರುವುದು ತೆಲುಗು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ. ಕರ್ನಾಟಕದ ಪತ್ರಿಕೆಗಳಿಗೆ ನಾವು ಗಡಿಯಾಚೆಯವರು. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ತಮ್ಮದೇ ಶಾಸಕರು ಪತ್ರಿಕೆಯಲ್ಲಿ ಕಾಣುವುದು ಅಪರೂಪ.

ಮೊಬೈಲ್ ಬಂದ ಮೇಲೆ ಓದು ಬಾರದವರಿಗೂ ನಾಯಕರು ಕಾಣುತ್ತಿದ್ದಾರೆ. 2019ರ ನಂತರ ರಾಜಕೀಯದಿಂದ ದೂರ ಸರಿದು ಮಡಕಶಿರ ತಾಲ್ಲೂಕಿನ ನೀಲಕಂಠಾಪುರದಲ್ಲಿದ್ದ ಮಾಜಿ ಸಚಿವ ಎನ್. ರಘುವೀರಾ ರೆಡ್ಡಿಯವರನ್ನೇ ನೋಡಿ. 2021ರ ಫೆಬ್ರವರಿಯ ಪಂಚಾಯತಿ ಚುನಾವಣೆಯಲ್ಲಿ ಗಡ್ಡ ಬಿಟ್ಟು, ಪಂಚೆಯುಟ್ಟು, ಪತ್ನಿಯೊಡನೆ ಮೊಪೆಡ್‌ನಲ್ಲಿ ಮತ ಹಾಕಲು ಬಂದ ಅವರ ಚಿತ್ರ ಊರೂರು ಸುತ್ತಿತು. ಭಾಷಣವಿಲ್ಲ, ಹೇಳಿಕೆಯಿಲ್ಲ, ಆದರೂ ಎಲ್ಲರಿಗೂ ಕಂಡರು.

ಪತ್ರಿಕೆಗಳಿಗೂ ಒಲವು ಇಲ್ಲದಿಲ್ಲ. 'ಸಾಕ್ಷಿ' ಜಗನ್ ಮೋಹನ ರೆಡ್ಡಿಯವರು ಆರಂಭಿಸಿದ್ದು. 'ಈನಾಡು' ತೆಲುಗುದೇಶಂ ಕಡೆಗೆ ವಾಲುತ್ತದೆಂಬುದು ಊರೆಲ್ಲ ಆಡುವ ಮಾತು. ಆದರೂ ಅಲ್ಲಿ ವರದಿಗಾರ ಒಂದು ಪ್ರಶ್ನೆ ಕೇಳಬಹುದು. ಮೊಬೈಲಿನಲ್ಲಿ ಯಾವ ಚಿತ್ರ, ಯಾವ ಮಾತು ಹಾಕಬೇಕೆಂದು ನಾಯಕರ ಕಡೆಯವರೇ ತೀರ್ಮಾನಿಸುತ್ತಾರೆ. ನಾವು ಕೈ ಮುಗಿದು ಚಿಹ್ನೆ ಒತ್ತುತ್ತೇವೆ, ಅಲ್ಲಿಗೆ ಮುಗಿಯಿತು.

ನಾನು ಗುಮಾಸ್ತನಾಗಿ ನಿವೃತ್ತನಾದವನು. ಕಚೇರಿಯಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ತಾರೀಖು ಇರುವ ಕಾಗದ ಬೇಕು. ಪತ್ರಿಕೆಯಲ್ಲಿ ಬಂದ ಭರವಸೆಯನ್ನು ಕತ್ತರಿಸಿ ಅರ್ಜಿಗೆ ಲಗತ್ತಿಸಬಹುದು. ವಾಟ್ಸಪ್ ಸ್ಟೇಟಸ್‌ನಲ್ಲಿ ಕೊಟ್ಟ ಭರವಸೆ 24 ಗಂಟೆಗೆ ಮಾಯ.

ನಮ್ಮ ಮತಕ್ಕೆ ತೂಕವಿಲ್ಲವೆಂದು ಯಾರೂ ತಿಳಿಯಬೇಡಿ. 2024ರ ವಿಧಾನಸಭಾ ಚುನಾವಣೆಯಲ್ಲಿ ಮಡಕಶಿರದ ಫಲಿತಾಂಶ ತೀರ್ಮಾನವಾದದ್ದು ಕೇವಲ 351 ಮತಗಳ ಅಂತರದಲ್ಲಿ. ಒಂದೆರಡು ಹಳ್ಳಿಗಳ ಮತ ಅಷ್ಟೇ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ಕನ್ನಡ ಶಾಲೆಗೆ ಶಿಕ್ಷಕರು, ಪಠ್ಯಪುಸ್ತಕ, ರಸ್ತೆ, ನೀರು, ಯಾವ ವಿಷಯದಲ್ಲೇ ಆಗಲಿ, ಯಾವ ಪಕ್ಷದ ನಾಯಕರೇ ಆಗಲಿ ಮೊಬೈಲಿನಲ್ಲಿ ಮಾತು ಕೊಟ್ಟರೆ ಸ್ಕ್ರೀನ್‌ಶಾಟ್ ತೆಗೆದು, ತಾರೀಖು ಬರೆದು ಸಂಘಕ್ಕೆ ತಲುಪಿಸಿ. ಪತ್ರಿಕೆಯ ತುಣುಕುಗಳೊಡನೆ ಒಂದೇ ಕಡತದಲ್ಲಿ ಇಡೋಣ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಅರ್ಜಿ ಬರೆಯೋಣ, ಸ್ವೀಕೃತಿ ಪಡೆಯೋಣ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ